ಬೇರಿಗೆ ಕೆಳದಿಕ್ಕು ತಿಳಿಯುವುದು ಹೇಗೆ: ಎರಡು ಗಾಜು, ಒಂದು ಹಿಡಿ ಹೆಸರುಕಾಳಿನಲ್ಲಿ ಮಾಡಿ ನೋಡುವ ಪರೀಕ್ಷೆಗಳು

ನವರಾತ್ರಿ ಬಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯ ಅನೇಕ ಮನೆಗಳಲ್ಲಿ ದೇವರ ಜಗುಲಿಯ ಮುಂದೆ ಘಟ್ಟ ಹಾಕುತ್ತಾರೆ. ಹೊಲದಿಂದ ತಂದ ಮಣ್ಣನ್ನು ಹರಡಿ, ಅದರಲ್ಲಿ ಜೋಳ, ಗೋದಿ, ಹೆಸರು ಮೊದಲಾದ ಕಾಳುಗಳನ್ನು ಉದುರಿಸಿ, ದಿನವೂ ನೀರು ಚಿಮುಕಿಸುತ್ತ ಹೋದರೆ, ಬಿಸಿಲು ಸುಳಿಯದ ಆ ಕೋಣೆಯಲ್ಲಿಯೂ ಒಂಬತ್ತು ದಿನಗಳೊಳಗೆ ಬಿಳಿಹಳದಿ ಬಣ್ಣದ ಸಸಿಗಳು ನೆಟ್ಟಗೆ ಎದ್ದು ನಿಲ್ಲುತ್ತವೆ. ಕಾಳಿನ ತಲೆ ಯಾವುದು, ಬುಡ ಯಾವುದು ಎಂದು ನೋಡಿ ಅದನ್ನು ಯಾರೂ ಊರಿರುವುದಿಲ್ಲ. ಹೊಲದಲ್ಲಿಯೂ ಅಷ್ಟೆ, ಕೂರಿಗೆಯ ತಾಳಿನೊಳಗಿಂದ ಜಾರಿದ ಜೋಳದ ಕಾಳು ಮಣ್ಣಿನಲ್ಲಿ ಹೇಗೆ ಬಿದ್ದರೂ ಬೇರು ಕೆಳಗಿಳಿಯುತ್ತದೆ, ಮೊಳಕೆ ಮೇಲೇಳುತ್ತದೆ.

ಇದು ಏಕೆ ಹೀಗೆ ಎಂದು ಕೇಳಿದರೆ ಬರುವ ಉತ್ತರಗಳು ಸಾಮಾನ್ಯವಾಗಿ ಎರಡು. ನೀರು ಕೆಳಗಿರುವುದರಿಂದ ಬೇರು ಅದನ್ನು ಹುಡುಕಿಕೊಂಡು ಹೋಗುತ್ತದೆ ಎನ್ನುವುದು ಒಂದು. ಬೆಳಕು ಮೇಲಿರುವುದರಿಂದ ಕಾಂಡ ಅದರ ಕಡೆ ಚಾಚುತ್ತದೆ ಎನ್ನುವುದು ಇನ್ನೊಂದು. ಎರಡರಲ್ಲಿಯೂ ನಿಜದ ಅಂಶವಿದೆ, ಆದರೆ ಘಟ್ಟದ ಸಸಿಗಳು ಎರಡಕ್ಕೂ ಒಗ್ಗುವುದಿಲ್ಲ: ಅಲ್ಲಿ ನೀರು ಬೀಳುವುದು ಮೇಲಿನಿಂದ, ಬೆಳಕು ಇರುವುದು ಅತ್ಯಲ್ಪ. ಉಳಿಯುವ ಕಾರಣ ಭೂಮಿಯ ಸೆಳೆತ. ಗಿಡವು ಗುರುತ್ವದ ದಿಕ್ಕನ್ನು ಅರಿತು ಅದಕ್ಕೆ ಅನುಸಾರವಾಗಿ ಬಾಗುವುದನ್ನು ಶಾಲೆಯ ಪುಸ್ತಕಗಳು ಗುರುತ್ವಾನುವರ್ತನೆ ಎಂದು ಕರೆಯುತ್ತವೆ. ಆ ಪದವನ್ನು ಬಾಯಿಪಾಠ ಮಾಡುವುದು ಸುಲಭ; ಆದರೆ ನೀರನ್ನೂ ಬೆಳಕನ್ನೂ ಬದಿಗೆ ಸರಿಸಿ, ಗುರುತ್ವವೊಂದನ್ನೇ ಬದಲಿಸಿ, ಬೇರು ಏನು ಮಾಡುತ್ತದೆ ಎಂದು ಕಣ್ಣಾರೆ ನೋಡಿದಾಗಲೇ ಅದರ ಅರ್ಥ ಗಟ್ಟಿಯಾಗುತ್ತದೆ. ಮುಂದಿನ ಪರೀಕ್ಷೆಗಳೆಲ್ಲ ಆ ಒಂದು ನಿಯಮದ ಮೇಲೆ ನಿಂತಿವೆ.

ಗಾಜನ್ನು ಸಿದ್ಧಪಡಿಸುವುದು

ಹಳೆಯ ಫೋಟೊ ಚೌಕಟ್ಟಿನಿಂದ ತೆಗೆದ ಒಂದೇ ಅಳತೆಯ ಗಾಜುಗಳು ಬೇಕು. ಎರಡು ಗಾಜಿಗೆ ಒಂದು ಜೋಡಿಯಾಗುತ್ತದೆ. ಇಂತಹ ಎರಡು ಜೋಡಿಗಳಾದರೂ ಇರಲಿ, ಏಕೆಂದರೆ ಒಂದನ್ನು ತಿರುಗಿಸಿದಾಗ ಇನ್ನೊಂದು ತಿರುಗದೆ ಪಕ್ಕದಲ್ಲಿ ನಿಂತಿರಬೇಕು. ಹದಿನೈದು ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲವಿದ್ದರೆ ಸಾಕು. ಅಂಚುಗಳಿಗೆ ಟೇಪು ಸುತ್ತದೆ ಮಕ್ಕಳ ಕೈಗೆ ಕೊಡಬಾರದು. ಗಾಜು ಸಿಗದಿದ್ದರೆ ಮೂಲೆಗೆ ಬಿದ್ದಿರುವ ಸಿ.ಡಿ.ಗಳ ಪಾರದರ್ಶಕ ಡಬ್ಬಿಗಳು ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತವೆ. ಇವುಗಳ ಜೊತೆಗೆ ಟಿಶ್ಯೂ ಕಾಗದ ಅಥವಾ ಒತ್ತುಕಾಗದ, ನಾಲ್ಕು ರಬ್ಬರ್ ಬ್ಯಾಂಡುಗಳು, ಪಾಲಿಥೀನ್ ಚೀಲ, ಗಾಜುಗಳು ನಿಲ್ಲುವಷ್ಟು ಎತ್ತರದ ರಟ್ಟಿನ ಪೆಟ್ಟಿಗೆ, ಒಂದು ಕೋನಮಾಪಕ ಇಷ್ಟನ್ನು ಹೊಂದಿಸಿಕೊಳ್ಳಬೇಕು.

ಬೀಜಗಳಲ್ಲಿ ಹೆಸರುಕಾಳು ಉತ್ತಮ. ಮಡಕಿಕಾಳೂ ಆದೀತು, ಆದರೆ ಅದರ ಬೇರು ತೀರ ಸಣ್ಣ, ಕಣ್ಣಿಗೆ ಶ್ರಮ. ಗೋವಿನಜೋಳದ ಬೇರು ದಪ್ಪವಾಗಿ ನೇರವಾಗಿ ಬೆಳೆಯುವುದರಿಂದ ಮುಂದೆ ಬರುವ ಕತ್ತರಿಸುವ ಪರೀಕ್ಷೆಗೆ ಅದೇ ಬೇಕು. ಬಿತ್ತನೆ ಬೀಜದ ಪೊಟ್ಟಣದಿಂದ ತೆಗೆದ ಕಾಳಿಗೆ ಗುಲಾಬಿ ಅಥವಾ ಹಸಿರು ಬಣ್ಣ ಲೇಪಿಸಿದ್ದರೆ ಅದು ಶಿಲೀಂಧ್ರನಾಶಕದಿಂದ ಉಪಚರಿಸಿದ ಬೀಜ. ಪರೀಕ್ಷೆಗೆ ಅದರಿಂದ ತೊಂದರೆಯಿಲ್ಲವಾದರೂ ಕೈಗೆ ಚೀಲ ಹಾಕಿಕೊಳ್ಳದೆ ಮುಟ್ಟಬಾರದು, ಮಿಕ್ಕಿದ್ದನ್ನು ಉಸುಳಿಗೆ ಬಳಸುವ ಮಾತಂತೂ ಇಲ್ಲವೇ ಇಲ್ಲ. ಕಿರಾಣಿ ಅಂಗಡಿಯ ಸಾದಾ ಕಾಳು ತಂದರೆ ಈ ಚಿಂತೆ ಇರುವುದಿಲ್ಲ. ಅದರಲ್ಲಿ ಮೊಳೆಯದ ಕಾಳುಗಳು ಸೇರಿರುವುದರಿಂದ ಬೇಕಾದದ್ದಕ್ಕಿಂತ ಎರಡು ಪಟ್ಟು ನೆನೆಹಾಕಬೇಕು, ಅಷ್ಟೆ.

ಕಾಳನ್ನು ಎಂಟು ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒಂದು ದಿನ ಕಟ್ಟಿಟ್ಟರೆ ಬೇರಿನ ತುದಿ ಹೊರಬರುತ್ತದೆ. ಉಸುಳಿಗೆಂದು ಕಟ್ಟಿದ ಗಂಟಿನಲ್ಲಿ ಬೇರುಗಳು ಸೊಟ್ಟಸೊಟ್ಟಗೆ ಸುರುಳಿಯಾಗಿರುವುದನ್ನು ಎಲ್ಲರೂ ನೋಡಿರುತ್ತೇವೆ. ಕಾಳುಗಳು ಒಂದಕ್ಕೊಂದು ಒತ್ತಿಕೊಂಡಿರುವುದರ ಜೊತೆಗೆ, ನಾವು ಗಂಟನ್ನು ಎತ್ತಿ ಮಗುಚಿದಾಗಲೆಲ್ಲ ಅವುಗಳ ಪಾಲಿಗೆ ಕೆಳದಿಕ್ಕು ಬದಲಾಗಿರುತ್ತದೆ. ಆದ್ದರಿಂದ ಪರೀಕ್ಷೆಗೆ ಬೇರು ಅರ್ಧ ಸೆಂಟಿಮೀಟರ್ ದಾಟುವ ಮೊದಲೇ ಕಾಳುಗಳನ್ನು ಗಾಜಿಗೆ ಸಾಗಿಸಬೇಕು.

ಟಿಶ್ಯೂವನ್ನು ನಾಲ್ಕು ಪದರವಾಗಿ ಮಡಚಿ ಒಂದು ಗಾಜಿನ ಮೇಲೆ ಹಾಸಿ, ತೋಯಿಸಿ, ಗಾಜನ್ನು ನೆಟ್ಟಗೆ ಹಿಡಿದು ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಬೇಕು. ಮೇಲಂಚಿನಿಂದ ಮೂರು ಬೆರಳು ಕೆಳಗೆ ಆರು ಕಾಳುಗಳನ್ನು ಒಂದೇ ಸಾಲಿನಲ್ಲಿ, ಬೇರಿನ ತುದಿ ಕೆಳಮುಖವಾಗಿರುವಂತೆ ಇಟ್ಟು, ಇನ್ನೊಂದು ಗಾಜನ್ನು ಮುಚ್ಚಿ ರಬ್ಬರ್ ಬ್ಯಾಂಡಿನಿಂದ ಬಿಗಿಯಬೇಕು. ಕಾಳಿನ ದಪ್ಪವೇ ಗಾಜುಗಳ ನಡುವೆ ಬೇರಿಗೆ ದಾರಿ ಬಿಡುತ್ತದೆ. ಜೋಡಿಯನ್ನು ಪಾಲಿಥೀನ್ ಚೀಲದಲ್ಲಿ ಸುತ್ತಿ ಪೆಟ್ಟಿಗೆಯೊಳಗೆ ನೆಟ್ಟಗೆ ನಿಲ್ಲಿಸಿ ಮುಚ್ಚಿದರೆ ಬೆಳಕಿನ ಪ್ರಶ್ನೆ ಮುಗಿಯಿತು.

ನೀರಿನ ವಿಷಯದಲ್ಲಿ ನಾನು ಬಹಳ ಕಾಲ ತಪ್ಪು ಮಾಡುತ್ತಿದ್ದೆ. ವಿಜಯಪುರದ ಬೇಸಿಗೆಯಲ್ಲಿ ಕಾಗದ ಮಧ್ಯಾಹ್ನದೊಳಗೆ ಒಣಗಿ ಗರಿಗರಿಯಾಗುವುದನ್ನು ನೋಡಿ, ಗಾಜಿನ ಬುಡವನ್ನು ನೀರು ತುಂಬಿದ ತಟ್ಟೆಯಲ್ಲಿ ನಿಲ್ಲಿಸುತ್ತಿದ್ದೆ. ಬೇರುಗಳೂ ವಿಧೇಯವಾಗಿ ಕೆಳಗಿಳಿಯುತ್ತಿದ್ದವು. ಒಮ್ಮೆ ಒಬ್ಬ ಹುಡುಗಿ, ನೀರನ್ನು ಕೆಳಗೆ ಇಟ್ಟವರು ನೀವೇ ಅಲ್ಲವೇ, ಬೇರು ಇಳಿದದ್ದು ಭೂಮಿಯ ಸೆಳೆತಕ್ಕೋ ತಟ್ಟೆಯ ನೀರಿಗೋ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಬೇರು ತೇವದ ಕಡೆಗೆ ಬಾಗುವುದು ಸುಳ್ಳಲ್ಲ. ಜರ್ಮನಿಯ ಸಸ್ಯವಿಜ್ಞಾನಿ ಯೂಲಿಯಸ್ ಸಾಕ್ಸ್ ಅವರು ಒದ್ದೆ ಮರದ ಹೊಟ್ಟು ತುಂಬಿದ ಜರಡಿಯನ್ನು ಓರೆಯಾಗಿ ತೂಗುಹಾಕಿ ಅದರಲ್ಲಿ ಬೀಜ ಬೆಳೆಸಿದಾಗ, ಜರಡಿಯ ತೂತಿನಿಂದ ಹೊರಬಂದ ಬೇರುಗಳು ನೇರವಾಗಿ ಕೆಳಗೆ ಹೋಗದೆ ತೇವವಿದ್ದ ಜರಡಿಯ ಮೈಗೇ ತಿರುಗಿ ಅಂಟಿಕೊಂಡಿದ್ದವು. ಹಾಗಾಗಿ ತಟ್ಟೆಯನ್ನು ತೆಗೆದುಹಾಕಿ, ಕಾಗದ ಎಲ್ಲ ಕಡೆ ಸಮನಾಗಿ ತೇವವಾಗಿರುವಂತೆ ದಿನಕ್ಕೆರಡು ಸಲ ಸಿಂಪಡಿಸಿ, ಚೀಲದಿಂದ ಆವಿಯನ್ನು ತಡೆಯುವುದೇ ಸರಿಯಾದ ಮಾರ್ಗ. ಏಪ್ರಿಲ್, ಮೇ ತಿಂಗಳುಗಳನ್ನು ಬಿಟ್ಟು ಶ್ರಾವಣದಲ್ಲಿಯೋ ದೀಪಾವಳಿಯ ಸುಮಾರಿಗೋ ಮಾಡಿದರೆ ಈ ಕಾಟ ಅರ್ಧಕ್ಕಿಳಿಯುತ್ತದೆ.

ತಿರುಗಿಸಿ ನೋಡುವುದು

ಬೇರುಗಳು ಎರಡು ಸೆಂಟಿಮೀಟರ್ ಉದ್ದಕ್ಕೆ ಬಂದ ದಿನ ಬೆಳಿಗ್ಗೆ, ಗಾಜಿನ ಮೇಲೆ ಮಾರ್ಕರ್ ಪೆನ್ನಿನಿಂದ ಪ್ರತಿ ಬೇರಿನ ನೇರಕ್ಕೆ ಗೆರೆ ಎಳೆದು, ಒಂದು ಜೋಡಿಯನ್ನು 90 ಡಿಗ್ರಿ ಹೊರಳಿಸಿ ಪಕ್ಕದ ಅಂಚಿನ ಮೇಲೆ ನಿಲ್ಲಿಸಬೇಕು. ಈಗ ಬೇರುಗಳು ನೆಲಕ್ಕೆ ಸಮಾನಾಂತರವಾಗಿ ಮಲಗಿರುತ್ತವೆ. ಇನ್ನೊಂದು ಜೋಡಿ ಇದ್ದ ಹಾಗೆಯೇ ಇರಲಿ. ಗಂಟೆಗೊಮ್ಮೆ ಪೆಟ್ಟಿಗೆ ತೆರೆದು, ಬೇರಿನ ತುದಿಯ ಭಾಗವು ಹಳೆಯ ಗೆರೆಯಿಂದ ಎಷ್ಟು ಡಿಗ್ರಿ ಬಾಗಿದೆ ಎಂದು ಕೋನಮಾಪಕದಿಂದ ಅಳೆದು ಬರೆದಿಡಬೇಕು. ಮೊಬೈಲಿನಲ್ಲಿ ಒಂದೇ ಜಾಗದಿಂದ ಚಿತ್ರ ತೆಗೆದು ನಂತರ ಅಳೆದರೆ ಪೆಟ್ಟಿಗೆ ತೆರೆದಿರುವ ಸಮಯ ಕಡಿಮೆಯಾಗುತ್ತದೆ.

ನನ್ನ ಗಾಜುಗಳಲ್ಲಿ ಎರಡನೆಯ ಗಂಟೆಯ ಸುಮಾರಿಗೆ ಬಾಗು ಕಣ್ಣಿಗೆ ಬೀಳತೊಡಗುತ್ತದೆ, ಸಂಜೆಯ ಹೊತ್ತಿಗೆ ಸ್ಪಷ್ಟವಾಗುತ್ತದೆ, ಮರುದಿನ ಬೆಳಿಗ್ಗೆ ತುದಿಗಳು ಮತ್ತೆ ನೆಲವನ್ನು ನೋಡುತ್ತಿರುತ್ತವೆ. ಕೆಳದಿಕ್ಕು ಹತ್ತಿರವಾದಂತೆ ಬಾಗುವ ವೇಗ ಕುಗ್ಗುವುದು ಅಂಕಿಗಳಲ್ಲಿ ಕಾಣುತ್ತದೆ. ಕೋನವನ್ನು ಹೆಚ್ಚುಕಡಿಮೆ ಮಾಡಿಯೂ ನೋಡಬಹುದು, 30 ಡಿಗ್ರಿ ಹೊರಳಿಸಿದ ಗಾಜಿಗಿಂತ 90 ಡಿಗ್ರಿ ಹೊರಳಿಸಿದ ಗಾಜಿನಲ್ಲಿ ಪ್ರತಿಕ್ರಿಯೆ ಬಲವಾಗಿರುತ್ತದೆ. ಮೂರು ದಿನ ದಿನಕ್ಕೊಂದು ಮಗ್ಗುಲಿಗೆ ಹೊರಳಿಸುತ್ತ ಹೋದರೆ ಬೇರು ಮೆಟ್ಟಿಲಿನ ಆಕಾರ ತಾಳುತ್ತದೆ. ಮಕ್ಕಳಿಗೆ ಇದೇ ಹೆಚ್ಚು ಇಷ್ಟ.

ಗಮನಿಸಬೇಕಾದ ಒಂದು ಸಂಗತಿಯನ್ನು ಬಹಳ ಮಂದಿ ದಾಟಿಹೋಗುತ್ತಾರೆ. ಬೇರು ತಂತಿಯಂತೆ ಎಲ್ಲೆಂದರಲ್ಲಿ ಬಾಗುವುದಿಲ್ಲ. ಆಗಲೇ ಬಲಿತ ಭಾಗ ಅಡ್ಡಲಾಗಿಯೇ ಉಳಿಯುತ್ತದೆ. ತುದಿಯ ಹಿಂದಿನ ಕೆಲವೇ ಮಿಲಿಮೀಟರಿನಷ್ಟು ಜಾಗ ಮಾತ್ರ ಬಾಗುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ಗಾಜನ್ನು ಹೊರಳಿಸುವ ಮೊದಲು ಒಂದೆರಡು ಬೇರುಗಳ ಮೇಲೆ ತುದಿಯಿಂದ ಆರಂಭಿಸಿ ಮಿಲಿಮೀಟರಿಗೊಂದರಂತೆ ಶಾಯಿಯ ಚುಕ್ಕೆ ಇಡಬೇಕು. ಬೇರಿನ ಮೇಲಿನ ನೀರನ್ನು ಟಿಶ್ಯೂ ಚೂರಿನಿಂದ ಮೆಲ್ಲನೆ ಹೀರಿ, ಶಾಯಿಯಲ್ಲಿ ಅದ್ದಿದ ಹೊಲಿಗೆ ದಾರವನ್ನು ತಾಗಿಸಿದರೆ ಗೆರೆ ಮೂಡುತ್ತದೆ. ಮರುದಿನ ನೋಡಿದರೆ ತುದಿಯ ತೀರ ಸಮೀಪದ ಚುಕ್ಕೆಗಳು ಹಾಗೂ ಹಿಂದಿನ ಚುಕ್ಕೆಗಳು ಹೆಚ್ಚುಕಡಿಮೆ ಮೊದಲಿನಷ್ಟೇ ಹತ್ತಿರವಿದ್ದು, ನಡುವಿನವು ದೂರದೂರ ಸರಿದಿರುತ್ತವೆ. ಬೇರು ಉದ್ದವಾಗುವ ಜಾಗ ಅದೇ, ಬಾಗುವ ಜಾಗವೂ ಅದೇ. ಮೇಲ್ಮಗ್ಗುಲಿನ ಕೋಶಗಳು ಹೆಚ್ಚು ಹಿಗ್ಗಿ ಕೆಳಮಗ್ಗುಲಿನವು ಕಡಿಮೆ ಹಿಗ್ಗಿದ್ದರಿಂದ ಬೇರು ಕೆಳಗೆ ಬಾಗಿದೆ, ತೂಕಕ್ಕೆ ಜೋತುಬಿದ್ದದ್ದಲ್ಲ.

ತುದಿಯನ್ನು ಕತ್ತರಿಸುವುದು

ಬಾಗುವ ಜಾಗ ತಿಳಿಯಿತು. ಆದರೆ ದಿಕ್ಕನ್ನು ಅರಿಯುವ ಜಾಗವೂ ಅದೇ ಆಗಿರಬೇಕೆಂದೇನಿಲ್ಲ. 1872ರಲ್ಲಿ ಪೋಲಿಷ್ ಸಸ್ಯವಿಜ್ಞಾನಿ ಚೆಸಿಯೆಲ್ಸ್ಕಿ, ಅವರ ನಂತರ 1880ರಲ್ಲಿ ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್, ಬೇರಿನ ತುದಿಯನ್ನು ಕತ್ತರಿಸಿ ಅಡ್ಡಲಾಗಿ ಇಟ್ಟರೆ ಬೇರು ಉದ್ದವಾಗುತ್ತ ಹೋದರೂ ಕೆಳಗೆ ಬಾಗುವುದನ್ನು ಮರೆಯುತ್ತದೆ ಎಂದು ತೋರಿಸಿದರು. ಸ್ಪರ್ಶ, ಗುರುತ್ವ ಮುಂತಾದವನ್ನು ಅರಿತು ಹಿಂದಿನ ಭಾಗಕ್ಕೆ ಅಪ್ಪಣೆ ಕಳಿಸುವ ಈ ತುದಿಯನ್ನು ಡಾರ್ವಿನ್ ಕೆಳದರ್ಜೆಯ ಪ್ರಾಣಿಯೊಂದರ ಮಿದುಳಿಗೆ ಹೋಲಿಸಿದ್ದರು. ಆ ಹೋಲಿಕೆ ಇಂದಿಗೂ ಚರ್ಚೆಗೆ ಗ್ರಾಸವಾಗಿದೆ. ನನಗೆ ಅದು ತುಸು ಅತಿಯೆನಿಸಿದರೂ ಪರೀಕ್ಷೆ ಮಾತ್ರ ಅಚ್ಚುಕಟ್ಟಾದದ್ದು.

ಇದಕ್ಕೆ ಗೋವಿನಜೋಳದ ಹನ್ನೆರಡು ಮೊಳಕೆಗಳು ಬೇಕು. ನಾಲ್ಕನ್ನು ಹಾಗೆಯೇ ಬಿಡಬೇಕು. ನಾಲ್ಕರ ತುದಿಯಿಂದ ಒಂದು ಮಿಲಿಮೀಟರ್ ಮೀರದಂತೆ ಹೊಸ ಬ್ಲೇಡಿನಿಂದ ಕತ್ತರಿಸಬೇಕು. ಉಳಿದ ನಾಲ್ಕಕ್ಕೆ ತುದಿಯನ್ನು ಮುಟ್ಟದೆ, ಸೆಂಟಿಮೀಟರಿನಷ್ಟು ಮೇಲೆ, ಪಕ್ಕದಲ್ಲಿ ಸಣ್ಣ ಗಾಯ ಮಾಡಬೇಕು. ಇಲ್ಲದಿದ್ದರೆ ಬೇರು ಬಾಗದಿರುವುದಕ್ಕೆ ತುದಿ ಹೋದದ್ದು ಕಾರಣವೋ ಗಾಯದ ಆಘಾತ ಕಾರಣವೋ ಎಂಬ ಪ್ರಶ್ನೆ ಉಳಿದುಬಿಡುತ್ತದೆ. ಹನ್ನೆರಡನ್ನೂ ಅಡ್ಡಲಾಗಿ ಇಟ್ಟು ರಾತ್ರಿ ಕಳೆದ ಮೇಲೆ ನೋಡಿದರೆ ಮೊದಲನೆಯ ಮತ್ತು ಮೂರನೆಯ ಗುಂಪು ಬಾಗಿರುತ್ತವೆ, ತುದಿಯಿಲ್ಲದವು ಅಡ್ಡಲಾಗಿಯೇ ಮುಂದುವರಿದಿರುತ್ತವೆ. ಕೈ ನಡುಗದವರು ಭೂತಗನ್ನಡಿಯ ಕೆಳಗೆ ಸೂಜಿಯ ಮೊನೆಯಿಂದ ಬೇರಿನ ಟೊಪ್ಪಿಗೆಯನ್ನು, ಅಂದರೆ ತುದಿಯನ್ನು ಮುಚ್ಚಿರುವ ಪುಟ್ಟ ಹೊದಿಕೆಯನ್ನಷ್ಟೇ ಕಳಚಬಹುದು. ಗೋವಿನಜೋಳದಲ್ಲಿ ಅದು ಇಡಿಯಾಗಿ ಬಿಟ್ಟುಕೊಳ್ಳುತ್ತದೆ. ಟೊಪ್ಪಿಗೆ ಕಳಚಿದ ಬೇರು ಬೆಳವಣಿಗೆಯಲ್ಲಿ ಹಿಂದೆ ಬೀಳದೆ ದಿಕ್ಕಿನ ಅರಿವನ್ನು ಮಾತ್ರ ಕಳೆದುಕೊಳ್ಳುತ್ತದೆ ಎಂಬುದು 1966ರಲ್ಲಿ ಗೋವಿನಜೋಳದ ಮೇಲೆಯೇ ಸಾಬೀತಾಯಿತು. ಟೊಪ್ಪಿಗೆ ಮತ್ತೆ ಬೆಳೆದುಕೊಳ್ಳುವುದರಿಂದ ಈ ಮರೆವು ತಾತ್ಕಾಲಿಕ. ತಡಮಾಡದೆ ಮರುದಿನ ಬೆಳಿಗ್ಗೆಯೇ ಅಳೆಯಬೇಕು. ಇನ್ನೊಂದು ಎಚ್ಚರಿಕೆ: ಕೆಲವು ಗೋವಿನಜೋಳದ ತಳಿಗಳ ಬೇರು ಪೂರ್ಣ ಕತ್ತಲಿನಲ್ಲಿ ಕೆಳಗೆ ಬಾಗಲು ಹಿಂಜರಿಯುತ್ತದೆ, ಅದಕ್ಕೆ ಬೆಳಕು ಸೋಕಿರಬೇಕಾಗುತ್ತದೆ. ಕತ್ತರಿಸದ ಬೇರುಗಳೂ ಬಾಗದೆ ಇದ್ದರೆ ಪರೀಕ್ಷೆ ಕೆಟ್ಟಿತೆಂದು ಎಸೆಯದೆ, ಎಲ್ಲ ಗುಂಪುಗಳಿಗೂ ಮೇಲಿನಿಂದ ಸಮನಾಗಿ ಮಂದ ಬೆಳಕು ಕೊಟ್ಟು ಮತ್ತೊಮ್ಮೆ ಮಾಡಬೇಕು.

ಟೊಪ್ಪಿಗೆಯೊಳಗೆ ಇರುವುದೇನು? ಅದರ ನಡುಭಾಗದ ಕೋಶಗಳಲ್ಲಿ ಪಿಷ್ಟ ತುಂಬಿದ ಭಾರದ ಕಣಗಳಿವೆ. ಗಾಜಿನ ಬಾಟಲಿಯಲ್ಲಿ ಒಂದು ಹಿಡಿ ಕಡಲೆ ಹಾಕಿ ಬಾಟಲಿಯನ್ನು ಮಲಗಿಸಿದರೆ ಕಾಳುಗಳು ಹೇಗೆ ಉರುಳಿ ಕೆಳಮಗ್ಗುಲಿಗೆ ಸೇರುತ್ತವೆಯೋ, ಬೇರನ್ನು ಮಲಗಿಸಿದಾಗ ಈ ಕಣಗಳೂ ಕೆಲವೇ ನಿಮಿಷಗಳಲ್ಲಿ ಕೋಶದ ಹೊಸ ಕೆಳಗೋಡೆಗೆ ಜಾರುತ್ತವೆ. ಈ ವಿವರಣೆಯನ್ನು 1900ರಲ್ಲಿ ಹಾಬರ್‌ಲಾಂಟ್ ಮತ್ತು ನೆಮೆಟ್ಸ್ ಎಂಬ ಇಬ್ಬರು ಸಸ್ಯವಿಜ್ಞಾನಿಗಳು ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಮುಂದಿಟ್ಟರು. ಪಿಷ್ಟ ತಯಾರಿಸಲಾಗದ ಅರಬಿಡಾಪ್ಸಿಸ್ ಎಂಬ ಸಾಸಿವೆ ಬಳಗದ ಪುಟ್ಟ ಗಿಡದ ತಳಿಗಳು ಗುರುತ್ವಕ್ಕೆ ಮಂದವಾಗಿ ಪ್ರತಿಕ್ರಿಯಿಸುತ್ತವೆ. ಪೂರ್ತಿ ಕುರುಡಾಗುವುದಿಲ್ಲ ಎನ್ನುವುದನ್ನೂ ಹೇಳಬೇಕು. 1996ರಲ್ಲಿ ಸಂಶೋಧಕರು ಬಲವಾದ, ಅಸಮ ಕಾಂತಕ್ಷೇತ್ರದಿಂದ ಬೇರಿನೊಳಗಿನ ಕಣಗಳನ್ನು ಒಂದು ಪಕ್ಕಕ್ಕೆ ಸರಿಸಿ ಬೇರನ್ನು ಬಾಗಿಸಿದರು. ಗಿಡವನ್ನು ಅಲುಗಿಸದೆ ಕಣಗಳನ್ನಷ್ಟೇ ಸರಿಸಿದಾಗಲೂ ಬಾಗು ಮೂಡಿದ್ದರಿಂದ ವಾದ ಬಹುಮಟ್ಟಿಗೆ ಇತ್ಯರ್ಥವಾಯಿತು.

ಈ ಕಣಗಳನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿ ಕಾಣಬಹುದು. ಹೆಸರಿನ ಬೇರು ದಪ್ಪವಾಗಿರುವುದರಿಂದ ತೆಳುವಾಗಿ ಸೀಳಬೇಕಾಗುತ್ತದೆ, ಅದು ಎಲ್ಲರ ಕೈಗೂ ಒಗ್ಗುವ ಕೆಲಸವಲ್ಲ. ಸಾಸಿವೆಯನ್ನು ಮೊಳೆಸಿ ಅದರ ನವಿರಾದ ಬೇರಿನ ತುದಿಯನ್ನು ಇಡಿಯಾಗಿ ಗಾಜಿನ ಪಟ್ಟಿಯ ಮೇಲಿಟ್ಟು, ಔಷಧಿ ಅಂಗಡಿಯ ಟಿಂಚರ್ ಅಯೋಡಿನ್ನನ್ನು ನೀರಿನಲ್ಲಿ ತಿಳಿಮಾಡಿ ಒಂದು ಹನಿ ಹಾಕಿ, ಮೇಲೆ ಹೊದಿಕೆ ಗಾಜನ್ನು ಮುಚ್ಚಿದರೆ ಟೊಪ್ಪಿಗೆಯ ನಡುವೆ ಕಡುನೀಲಿ ಚುಕ್ಕೆಗಳ ಗುಂಪು ಎದ್ದು ಕಾಣುತ್ತದೆ. ಹಿಂದಿನ ಭಾಗ ಹಳದಿಯಾಗಿಯೇ ಇರುತ್ತದೆ. ನಲವತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಸೂರ ಇದ್ದರೆ ಒಳ್ಳೆಯದು.

ಸುದ್ದಿ ತುದಿಯಿಂದ ಬಾಗುವ ಜಾಗಕ್ಕೆ ತಲುಪುವುದು ಆಕ್ಸಿನ್ ಎಂಬ ಸಸ್ಯಹಾರ್ಮೋನಿನ ಮೂಲಕ. ಕಣಗಳು ಒರಗಿದ ಮಗ್ಗುಲಿಗೆ ಆಕ್ಸಿನ್ ಹೆಚ್ಚಾಗಿ ಹರಿಯುತ್ತದೆ. ಅದನ್ನು ಕೋಶದಿಂದ ಹೊರಗೆ ತಳ್ಳುವ ಪಿನ್ ಎಂಬ ಪ್ರೋಟೀನುಗಳು ಆ ಕಡೆಗೆ ಜಮಾಯಿಸುತ್ತವೆ. 2023ರಲ್ಲಿ ಪ್ರಕಟವಾದ ಅಧ್ಯಯನಗಳು ಲೇಜಿ ಎಂಬ ಇನ್ನೊಂದು ಪ್ರೋಟೀನು ಪಿಷ್ಟಕಣದ ಮೇಲೆ ಸವಾರಿ ಮಾಡುತ್ತ ಕೆಳಗೋಡೆಯ ಪೊರೆಗೆ ಇಳಿದು ದಿಕ್ಕನ್ನು ಒಪ್ಪಿಸುತ್ತದೆ ಎಂದು ತೋರಿಸಿವೆ. ಈ ಪ್ರೋಟೀನಿನ ವಂಶವಾಹಿ ಕೆಟ್ಟ ಬತ್ತದ ಗಿಡ ನೆಟ್ಟಗೆ ನಿಲ್ಲದೆ ಹರಡಿಕೊಂಡು ಮಲಗುವುದರಿಂದ ಸೋಮಾರಿ ಎಂಬ ಅರ್ಥದ ಆ ಹೆಸರು ಬಂದಿತು. ಕಲಮಿಗೆ ಬೇರು ಬರಿಸಲು ನರ್ಸರಿಯವರು ಅದ್ದುವ ಪುಡಿ ಆಕ್ಸಿನ್ ಗುಂಪಿನದೇ. ಜೋಳ, ಕಬ್ಬಿನ ಕಳೆಗೆ ಹೊಡೆಯುವ 2,4-ಡಿ ಕೂಡ ಕೃತಕ ಆಕ್ಸಿನ್. ಗಾಳಿಗೆ ತೇಲಿಬಂದ ಅದರ ಹನಿ ಪಕ್ಕದ ದ್ರಾಕ್ಷಿಗೋ ಹತ್ತಿಗೋ ತಾಗಿದರೆ ಎಲೆ, ಕುಡಿಗಳು ತಿರುಚಿಕೊಳ್ಳುವುದನ್ನು ಈ ಭಾಗದ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಾಂಡದ ಉಲ್ಟಾ ನಡೆ

ಕಾಂಡದಲ್ಲಿಯೂ ಆಕ್ಸಿನ್ ಸೇರುವುದು ಕೆಳಮಗ್ಗುಲಿಗೇ. ಆದರೆ ಬೇರಿನ ಹಿಗ್ಗುವಿಕೆಯನ್ನು ತಡೆಯುವಷ್ಟು ಆಕ್ಸಿನ್ ಕಾಂಡದ ಕೋಶವನ್ನು ಉಬ್ಬಿಸುತ್ತದೆ, ಆದ್ದರಿಂದ ಕಾಂಡ ಮೇಲಕ್ಕೆ ಏಳುತ್ತದೆ. ನೋಡುವುದಕ್ಕೆ ಕುಂಡದಲ್ಲಿ ಬೆಳೆದ ಗೇಣುದ್ದದ ಟೊಮ್ಯಾಟೊ ಸಸಿಯನ್ನು ಸಂಜೆ ಅಡ್ಡ ಮಲಗಿಸಿ ಕತ್ತಲೆ ಕೋಣೆಯಲ್ಲಿಟ್ಟರೆ ಸಾಕು, ಬೆಳಗಾಗುವುದರೊಳಗೆ ತುದಿ ತಲೆಯೆತ್ತಿರುತ್ತದೆ. ಕತ್ತಲೆ ಕೋಣೆ ಏಕೆಂದು ಈಗ ಹೇಳಬೇಕಾಗಿಲ್ಲ.

ಜೋಳದ್ದು ಬೇರೆಯೇ ಬಗೆ. ಹಿಂಗಾರಿ ಜೋಳ ಗಾಳಿಮಳೆಗೆ ನೆಲಕ್ಕೆ ಒರಗಿದ ಮೇಲೆ ಹೊಲಕ್ಕೆ ಹೋಗಿ ನೋಡಿದರೆ, ದಂಟು ಕಾಂಡದ ಉದ್ದಕ್ಕೂ ಬಿಲ್ಲಿನಂತೆ ಬಾಗಿರುವುದಿಲ್ಲ. ಗಿಣ್ಣು ಗಿಣ್ಣಿನಲ್ಲಿ ಮುರಿದಂತೆ ಸ್ವಲ್ಪ ಸ್ವಲ್ಪವೇ ಮೇಲೆದ್ದಿರುತ್ತದೆ. ಹುಲ್ಲಿನ ಜಾತಿಯ ಗಿಡಗಳಲ್ಲಿ ದಿಕ್ಕನ್ನು ಅರಿಯುವ ಪಿಷ್ಟಕಣಗಳೂ ಬಾಗುವ ಶಕ್ತಿಯೂ ಗಿಣ್ಣಿನ ಬಳಿಯ ಉಬ್ಬಿನಲ್ಲಿ ಒಟ್ಟಿಗೆ ಇರುವುದೇ ಇದಕ್ಕೆ ಕಾರಣ. ಎಳೆಯ ಗಿಣ್ಣನ್ನು ಉದ್ದಕ್ಕೆ ಸೀಳಿ ನೋಡಿದರೆ ಕೆಳಮಗ್ಗುಲು ಮೇಲ್ಮಗ್ಗುಲಿಗಿಂತ ಉದ್ದವಾಗಿರುವುದನ್ನು ಅಳತೆಪಟ್ಟಿಯಿಂದಲೇ ಅಳೆಯಬಹುದು. ದಂಟು ಬಲಿತಷ್ಟೂ ಈ ಶಕ್ತಿ ಕುಂದುತ್ತದೆ, ಹಾಗಾಗಿ ತೆನೆ ಬಲಿತ ಮೇಲೆ ಬಿದ್ದ ಜೋಳ ಬಿದ್ದೇ ಇರುತ್ತದೆ. ಅಥಣಿ, ಮುಧೋಳ, ಜಮಖಂಡಿ ಕಡೆಯ ಹೊಳೆಸಾಲಿನ ಹೊಲಗಳಲ್ಲಿ ಮಲಗಿದ ಕಬ್ಬು ತುದಿಯನ್ನಷ್ಟೇ ಎತ್ತಿ ಕೊಕ್ಕೆಯಂತಾಗುವುದೂ ಇದೇ ಕಾರಣಕ್ಕೆ.

ಎಲ್ಲ ಬೇರುಗಳೂ ನೇರ ಕೆಳಗೆ ಇಳಿಯಬೇಕೆಂಬ ನಿಯಮವೂ ಇಲ್ಲ. ಗಾಜಿನಲ್ಲಿ ಹೆಸರನ್ನು ಒಂದು ವಾರ ಉಳಿಸಿಕೊಂಡರೆ ಪಕ್ಕದ ಬೇರುಗಳು ಓರೆಯಾಗಿ ಹೊರಡುವುದು ಕಾಣುತ್ತದೆ. ಗುರುತ್ವಕ್ಕೆ ಇಂತಿಷ್ಟೇ ಕೋನದಲ್ಲಿ ಸಾಗಬೇಕೆಂಬುದು ಅವುಗಳ ಲೆಕ್ಕ. ಈ ಕೋನವನ್ನು ಕಡಿದಾಗಿಸುವ ವಂಶವಾಹಿಯೊಂದನ್ನು ಜಪಾನಿನ ಸಂಶೋಧಕರು ಬತ್ತದಲ್ಲಿ ಗುರುತಿಸಿ, ಆಳಕ್ಕೆ ಬೇರು ಬಿಟ್ಟ ಗಿಡ ಬರಗಾಲದಲ್ಲಿ ಹೆಚ್ಚು ಇಳುವರಿ ಕೊಡುತ್ತದೆ ಎಂದು 2013ರಲ್ಲಿ ತೋರಿಸಿದರು. ಮಳೆ ನಿಂತ ಮೇಲೆ ಎರೆಭೂಮಿಯ ಒಡಲಲ್ಲಿ ಉಳಿದ ಹಸಿಯನ್ನೇ ನಂಬಿ ಬೆಳೆಯುವ ಬಿಳಿಜೋಳದ ನಾಡಿನಲ್ಲಿ ಇದು ಬರೀ ಪ್ರಯೋಗಾಲಯದ ಮಾತಲ್ಲ.

ಗಡಿಯಾರ ಮತ್ತು ಗ್ರಾಮಾಫೋನು

ಗುರುತ್ವವನ್ನು ತೆಗೆದುಹಾಕಲು ನಮ್ಮಿಂದಾಗದು, ಆದರೆ ಗಿಡಕ್ಕೆ ಗೊಂದಲವುಂಟುಮಾಡಲು ಆದೀತು. ಗೋಡೆ ಗಡಿಯಾರದ ಮುಂದಿನ ಗಾಜನ್ನೂ ಸೆಕೆಂಡಿನ ಮುಳ್ಳನ್ನೂ ತೆಗೆದು, ನಿಮಿಷದ ಮುಳ್ಳಿನ ಮೇಲೆ ಹಗುರವಾದ ಪ್ಲಾಸ್ಟಿಕ್ ಮುಚ್ಚಳವನ್ನು ನಡುಮಧ್ಯಕ್ಕೆ ಅಂಟಿಸಿ, ಅದರಲ್ಲಿ ಒದ್ದೆ ಹತ್ತಿಯ ತೆಳುಪದರದ ಮೇಲೆ ಮೊಳೆತ ಸಾಸಿವೆ ಕಾಳುಗಳನ್ನು ಕೂಡಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದು ಗಡಿಯಾರವನ್ನು ಗೋಡೆಗೆ ತೂಗುಹಾಕಬೇಕು. ಭಾರ ಒಂದು ಕಡೆ ಹೆಚ್ಚಾದರೆ ಮುಳ್ಳು ಏರುವಾಗ ಜಾರುತ್ತದೆ. ಹೆಸರುಕಾಳು ಇಲ್ಲಿ ತೂಕವಾಯಿತು. ಮುಚ್ಚಳ ಗಂಟೆಗೊಂದು ಸುತ್ತು ಹಾಕುವಾಗ ಗುರುತ್ವ ಎಲ್ಲ ಮಗ್ಗುಲುಗಳ ಮೇಲೆಯೂ ಸರದಿಯಂತೆ ಬೀಳುವುದರಿಂದ ಯಾವ ದಿಕ್ಕೂ ಕೆಳದಿಕ್ಕಾಗಿ ಉಳಿಯುವುದಿಲ್ಲ, ಬೇರುಗಳು ತಾವು ಹೊರಟ ಕಡೆಗೇ ಅಲ್ಪಸ್ವಲ್ಪ ಅಂಕುಡೊಂಕಾಗಿ ಸಾಗುತ್ತವೆ. ಗಂಟೆಗೊಂದು ಸುತ್ತು ನಿಧಾನವೇ ಸರಿ. ನಿಮಿಷಕ್ಕೊಂದು ಸುತ್ತು ಹಾಕುವ ಬ್ಯಾಟರಿಯ ಗೇರ್ ಮೋಟಾರು ಸಿಕ್ಕರೆ ಫಲ ಇನ್ನೂ ಸ್ಪಷ್ಟ. ಇಂತಹದೇ ಇನ್ನೊಂದು ಗಡಿಯಾರವನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಅದರ ಮುಳ್ಳಿನ ಮೇಲೂ ಅದೇ ಬಗೆಯ ಮುಚ್ಚಳ ತಿರುಗಿಸುವುದನ್ನು ಬಿಡಬಾರದು. ಅಲ್ಲಿ ಸುತ್ತು ಇದ್ದರೂ ಕೆಳದಿಕ್ಕು ಬದಲಾಗುವುದಿಲ್ಲವಾದ್ದರಿಂದ ಬೇರುಗಳು ಹತ್ತಿಯೊಳಕ್ಕೇ ಬಾಗುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟಾಗಲೇ ತಿರುಗುವಿಕೆಯಿಂದ ಬೇರು ಕೆಟ್ಟಿತೆಂಬ ಆಕ್ಷೇಪಕ್ಕೆ ಉತ್ತರ ಸಿಗುತ್ತದೆ.

ಗುರುತ್ವದ ಬದಲಿಗೆ ಬೇರೆ ಬಲವನ್ನು ಕೊಟ್ಟು ಗಿಡವನ್ನು ಒಪ್ಪಿಸಿದವರು ಇಂಗ್ಲೆಂಡಿನ ಸಸ್ಯವಿಜ್ಞಾನಿ ಥಾಮಸ್ ಆ್ಯಂಡ್ರ್ಯೂ ನೈಟ್. 1806ರಲ್ಲಿ ಅವರು ತಮ್ಮ ತೋಟದ ಹೊಳೆಯ ನೀರಿನಿಂದ ತಿರುಗುವ, 11 ಇಂಚು ವ್ಯಾಸದ ಗಾಲಿಯ ಅಂಚಿಗೆ ಅವರೆ ಜಾತಿಯ ಬೀಜಗಳನ್ನು ಕಟ್ಟಿದ್ದರು. ನೆಟ್ಟಗೆ ನಿಲ್ಲಿಸಿದ ಗಾಲಿ ನಿಮಿಷಕ್ಕೆ 150 ಸುತ್ತು ಹಾಕಿದಾಗ ಬೇರುಗಳೆಲ್ಲ ಹೊರಕ್ಕೆ, ಮೊಳಕೆಗಳೆಲ್ಲ ಗಾಲಿಯ ನಡುವಿನ ಗುಂಬದ ಕಡೆಗೆ ಬೆಳೆದವು. ಮಲಗಿಸಿದ ಗಾಲಿ ನಿಮಿಷಕ್ಕೆ 80 ಸುತ್ತು ಹಾಕಿದಾಗ ಬೇರು ಹೊರಕ್ಕೂ ಕೆಳಕ್ಕೂ ನಡುವೆ ಸುಮಾರು 45 ಡಿಗ್ರಿ ಓರೆಯಾಗಿ ಇಳಿಯಿತು. ಲೆಕ್ಕ ಹಾಕಿ ನೋಡಿದರೆ ಆ ಅಂಕಿಯ ಸೊಗಸು ತಿಳಿಯುತ್ತದೆ: 14 ಸೆಂಟಿಮೀಟರ್ ತ್ರಿಜ್ಯದಲ್ಲಿ 80 ಸುತ್ತಿಗೆ ಹೊರದಬ್ಬುವ ಬಲ ಹೆಚ್ಚುಕಡಿಮೆ ಭೂಮಿಯ ಸೆಳೆತದಷ್ಟೇ ಆಗುತ್ತದೆ. ಎರಡೂ ಸಮಬಲವಾದಾಗ ಬೇರು ನಡುದಾರಿ ಹಿಡಿಯುವುದು ನ್ಯಾಯವೇ.

ಅಟ್ಟದ ಮೇಲೆ ವಿದ್ಯುತ್ತಿನಿಂದ ನಡೆಯುವ ಹಳೆಯ ರೆಕಾರ್ಡ್ ಪ್ಲೇಯರ್ ಇದ್ದರೆ ನೈಟ್ ಅವರ ಗಾಲಿ ಮನೆಯಲ್ಲೇ ಇದೆ ಎಂದು ತಿಳಿಯಬೇಕು. ಅದನ್ನು 78 ಸುತ್ತಿಗೆ ಹೊಂದಿಸಿ, ನಡುವಿನಿಂದ 14.7 ಸೆಂಟಿಮೀಟರ್ ದೂರದಲ್ಲಿ ಒದ್ದೆ ಹತ್ತಿ ಮತ್ತು ಮೊಳೆತ ಹೆಸರು ಇರುವ ಸಣ್ಣ ಪಾರದರ್ಶಕ ಡಬ್ಬಿಗಳನ್ನು ಎದುರುಬದುರಾಗಿ, ಸಮತೂಕವಾಗಿ ಅಂಟಿಸಿದರೆ ಬಲ ಸರಿಯಾಗಿ ಭೂಮಿಯ ಸೆಳೆತದಷ್ಟಾಗಿ 45 ಡಿಗ್ರಿ ಬರುತ್ತದೆ. 33⅓ ಸುತ್ತಿಗೆ ಇಳಿಸಿದರೆ ಓರೆ ಹತ್ತು ಡಿಗ್ರಿಗೆ ಕುಗ್ಗುತ್ತದೆ. ಕೀಲಿ ಕೊಡುವ ಗ್ರಾಮಾಫೋನು ಇದಕ್ಕೆ ಆಗದು, ರಾತ್ರಿಯಿಡೀ ಎದ್ದು ಕೀಲಿ ತಿರುಗಿಸಲು ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಕರೆಂಟು ಹೋದರೆ ಬೇರು ಆ ಹೊತ್ತಿನ ಲೆಕ್ಕವನ್ನೂ ತನ್ನ ಬಾಗಿನಲ್ಲಿ ಬರೆದಿಡುತ್ತದೆ, ಹಾಗಾಗಿ ಹೋದ ಮತ್ತು ಬಂದ ಸಮಯವನ್ನು ಗುರುತು ಹಾಕಿಕೊಳ್ಳಬೇಕು. ಪಂಖದ ಮೋಟಾರಿಗೆ ಗಾಜಿನ ಡಬ್ಬಿ ಕಟ್ಟುವ ಸಾಹಸವನ್ನು ಯಾರೂ ಮಾಡಬಾರದು.

ಗಡಿಯಾರದ ಉಪಾಯವಿಲ್ಲದೆ, ತೂಕವೇ ತೋರದ ಕಡೆ ಬೀಜ ಮೊಳೆಸುವ ಕೆಲಸವನ್ನು ನಮ್ಮವರೂ ಮಾಡಿದ್ದಾರೆ. 2024ರ ಡಿಸೆಂಬರ್ 30ರಂದು ಹಾರಿದ ಪಿ.ಎಸ್.ಎಲ್.ವಿ. ಸಿ-60 ರಾಕೆಟ್ಟಿನ ಕೊನೆಯ ಹಂತದಲ್ಲಿ ಇಸ್ರೊ ಎಂಟು ಅಲಸಂದೆ ಬೀಜಗಳನ್ನು ಕಳಿಸಿತ್ತು, ಅವು ನಾಲ್ಕು ದಿನಗಳಲ್ಲಿ ಮೊಳೆತು ಆಮೇಲೆ ಎಲೆಯನ್ನೂ ಬಿಟ್ಟವು. 2025ರ ಜೂನ್‌ನಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಅಲ್ಲಿ ಮೊಳೆಸಿದ ಹೆಸರು ಮತ್ತು ಮೆಂತ್ಯೆಯ ಪ್ರಯೋಗ ರೂಪುಗೊಂಡದ್ದು ಬೆಳಗಾವಿಯ ನೆರೆಯ ಧಾರವಾಡದಲ್ಲಿ, ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಮತ್ತು ಐ.ಐ.ಟಿ.ಗಳಲ್ಲಿ. ನಮ್ಮ ಗಾಜಿನಲ್ಲಿರುವುದೂ ಅದೇ ಹೆಸರು.

ಶೇಂಗಾ

ಮುಂಗಾರಿನಲ್ಲಿ ಮಾಡಬಹುದಾದ ಒಂದು ಪರೀಕ್ಷೆ ಉಳಿದಿದೆ, ಅದಕ್ಕೆ ಗಾಜು ಬೇಡ. ಶೇಂಗಾದ ಹೂವು ಅರಳುವುದು ನೆಲದ ಮೇಲೆ, ಕಾಯಿ ಕಟ್ಟುವುದು ನೆಲದ ಒಳಗೆ. ಗರ್ಭಕಟ್ಟಿದ ಹೂವಿನ ಬುಡದಿಂದ ಸೂಜಿಯಂತಹ ತೊಟ್ಟು ಹೊರಟು ಮಣ್ಣಿಗೆ ಇಳಿಯುತ್ತದೆ. ನೋಡಲು ಬೇರಿನಂತಿದ್ದರೂ ಅದು ಬೇರಲ್ಲ. ಹೂವಿಗೆ ಸೇರಿದ, ಅಂದರೆ ಕಾಂಡದ ಕಡೆಯ ಅಂಗ. ಕಾಂಡದ ಕಡೆಯದಾದರೂ ಬೇರಿನಂತೆ ಕೆಳಮುಖವಾಗಿ ಬೆಳೆಯುವ ಈ ತೊಟ್ಟು, ಮೇಲಿನ ವಿವರಣೆಯನ್ನೆಲ್ಲ ಓದಿ ಎಲ್ಲ ತಿಳಿಯಿತೆಂದುಕೊಂಡವರನ್ನು ತಡೆದು ನಿಲ್ಲಿಸುತ್ತದೆ. ದೊಡ್ಡ ಕುಂಡದಲ್ಲಿ ಒಂದು ಶೇಂಗಾ ಗಿಡ ಬೆಳೆಸಿ, ತೊಟ್ಟುಗಳು ಬೆರಳಿನಷ್ಟು ಉದ್ದವಾಗಿ ಇನ್ನೂ ಮಣ್ಣು ಮುಟ್ಟದಿರುವಾಗ ಕುಂಡವನ್ನು ಅಡ್ಡ ಮಲಗಿಸಿ, ಮಣ್ಣು ಚೆಲ್ಲದಂತೆ ಬಟ್ಟೆ ಕಟ್ಟಬೇಕು. ಒಂದೆರಡು ದಿನಗಳಲ್ಲಿ ಗಿಡದ ಕುಡಿಗಳು ಮೇಲಕ್ಕೂ ತೊಟ್ಟಿನ ತುದಿಗಳು ಹೊಸ ಕೆಳದಿಕ್ಕಿಗೂ ಬಾಗಿ, ಒಂದೇ ಗಿಡದ ಕಾಂಡದ ಭಾಗಗಳು ಎರಡು ಕಡೆಗೆ ಹೊರಟಿರುವುದು ಕಾಣುತ್ತದೆ. ಕುಂಡವನ್ನು ನೆಟ್ಟಗೆ ಮಾಡಿದ ಮೇಲೆ ಮಣ್ಣು ಮುಟ್ಟಲಾರದಷ್ಟು ಎತ್ತರದಲ್ಲಿ ಉಳಿದ ತೊಟ್ಟುಗಳು ಕಾಯಿಯಾಗದೆ ಒಣಗುತ್ತವೆ. ಮಣ್ಣಿಗಿಳಿದವು ಕೆಲವು ಸೆಂಟಿಮೀಟರ್ ಆಳಕ್ಕೆ ಹೋಗಿ, ಕತ್ತಲಿನಲ್ಲಿ ತುದಿ ಉಬ್ಬತೊಡಗಿದಾಗ ಕೆಳಗಿಳಿಯುವುದನ್ನು ಬಿಟ್ಟು ಅಡ್ಡಲಾಗಿ ಹೊರಳುತ್ತವೆ. ತೊಟ್ಟಿಳಿಯುವ ಕಾಲದಲ್ಲಿ ಶೇಂಗಾದ ಹೊಲಕ್ಕೆ ಎಡೆಕುಂಟೆ ಹಾಯಿಸಬಾರದೆಂದು ಹಿರಿಯರು ತಡೆಯುತ್ತಿದ್ದುದು ಈ ತೊಟ್ಟುಗಳು ಹರಿಯಬಾರದೆಂದೇ. ಕುಂಡದ ಮಣ್ಣನ್ನು ಬೆರಳಿನಿಂದ ಸರಿಸಿ ನೋಡುವಾಗಲೂ ಅಷ್ಟೇ ಜೋಪಾನವಿರಲಿ.